ಮಕ್ಕಳ ಸಿಟ್ಟು, ಅಂಜಿಕೆ: ಹೆಸರು ಹೇಳಲು ಕಲಿಸುವುದು ಹೇಗೆ?

ಊರ ಜಾತ್ರೆಯಲ್ಲಿ ನಾಲ್ಕು ವರ್ಷದ ಮಗು ಆಟಿಕೆ ಅಂಗಡಿಯ ಮುಂದೆ ನೆಲಕ್ಕೆ ಬಿದ್ದು ಹೊರಳಾಡುತ್ತದೆ. ಸುತ್ತಲಿನ ಜನ ನೋಡುತ್ತಾರೆ. ಹೆತ್ತವರಿಗೆ ಮರ್ಯಾದೆ ಹೋದಂತೆ. ಒಂದೋ ಬೆನ್ನಿಗೆ ಎರಡು ಬಿಗಿಯುತ್ತಾರೆ, ಇಲ್ಲವೇ ಕೇಳಿದ್ದು ಕೊಡಿಸಿ ಬಾಯಿ ಮುಚ್ಚಿಸುತ್ತಾರೆ. ಎರಡರಿಂದಲೂ ಅಳು ನಿಲ್ಲಬಹುದು. ಆದರೆ ತನ್ನೊಳಗೆ ಎದ್ದದ್ದು ಏನು, ಮತ್ತೆ ಎದ್ದಾಗ ಏನು ಮಾಡಬೇಕು ಎಂಬುದು ಮಾತ್ರ ಮಗುವಿಗೆ ತಿಳಿಯುವುದಿಲ್ಲ.

ಇಂಥ ರಂಪಾಟವನ್ನು ಹೆಚ್ಚಿನವರು ಹಠಮಾರಿತನ ಎನ್ನುತ್ತಾರೆ. ಇದರಲ್ಲಿ ಪೂರ್ತಿ ನಿಜವಿಲ್ಲ. ಆವೇಶವನ್ನು ತಡೆದು ಯೋಚಿಸುವ ಕೆಲಸ ಮಾಡುವುದು ಮೆದುಳಿನ ಮುಂಭಾಗ, ಅಂದರೆ ಹಣೆಯ ಹಿಂದಿನ ಭಾಗ. ಅದು ಪೂರ್ತಿ ಬಲಿಯಲು ಸುಮಾರು 25 ವರ್ಷ ಬೇಕು. ನಾಲ್ಕು ವರ್ಷದ ಮಗುವಿಗೆ ‘ಸುಮ್ಮನಿರು’ ಎಂದರೆ ಸುಮ್ಮನಿರುವ ಮನಸ್ಸಿದ್ದರೂ ಆಗದೆ ಹೋಗಬಹುದು.

ಅಮೆರಿಕದ ಮೈಕೆಲ್ ಪೊಟೆಗಲ್ ಮತ್ತು ರಿಚರ್ಡ್ ಡೇವಿಡ್‌ಸನ್ ಒಂದೂವರೆ ವರ್ಷದಿಂದ ಐದು ವರ್ಷದವರೆಗಿನ 335 ಮಕ್ಕಳ ರಂಪಾಟದ ವಿವರಗಳನ್ನು ಹೆತ್ತವರಿಂದ ಬರೆಸಿಕೊಂಡು 2003ರಲ್ಲಿ ಪ್ರಕಟಿಸಿದರು. ನಾಲ್ಕರಲ್ಲಿ ಮೂರು ರಂಪಾಟಗಳು ಐದು ನಿಮಿಷದೊಳಗೇ ಮುಗಿದಿದ್ದವು. ಕಿರುಚುವುದು, ಒದೆಯುವುದು ಮೊದಲಲ್ಲೇ ಏರಿ ಇಳಿಯುತ್ತದೆ. ದುಃಖದ ಅಳು ಮಾತ್ರ ಕೊನೆಯವರೆಗೂ ಇರುತ್ತದೆ. ಹೆತ್ತವರು ಗಮನಿಸಬೇಕಾದದ್ದು ಇದನ್ನೇ. ಸಿಟ್ಟು ಏರಿರುವಾಗ ಬುದ್ಧಿ ಹೇಳುವುದು, ‘ಯಾಕೆ? ಯಾಕೆ?’ ಎಂದು ಕೇಳುವುದು ಉರಿಯುವ ಒಲೆಗೆ ಊದಿದಂತೆ. ಕಲ್ಲು, ಕಟ್ಟಿಗೆ, ಬಾವಿಕಟ್ಟೆ ಹತ್ತಿರವಿಲ್ಲದಂತೆ ನೋಡಿಕೊಂಡು ಪಕ್ಕದಲ್ಲಿ ಕೂತರೆ ಸಾಕು. ಅಳುವಿನ ದನಿ ಬದಲಾಗಿ ಮಗು ತಾನಾಗಿ ಮಡಿಲಿಗೆ ಬಂದಾಗ ಎತ್ತಿಕೊಳ್ಳಬೇಕು. ಮಾತಿಗೆ ಅದೇ ಸರಿಯಾದ ಹೊತ್ತು.

<b>ಏನು ಹೇಳಬೇಕು?</b>

ಮೊದಲು ಹೆಸರು. “ಪೀಪಿ ಬೇಕಿತ್ತು, ಕೊಡಿಸಲಿಲ್ಲ ಅಂತ ಸಿಟ್ಟು ಬಂತಲ್ಲ ಪುಟ್ಟಾ?” ಆಮೇಲೆ ಗೆರೆ. “ಸಿಟ್ಟು ಬರಲಿ, ಆದರೆ ಅಮ್ಮನಿಗೆ ಹೊಡೆಯುವ ಹಾಗಿಲ್ಲ.” ಪೀಪಿ ಕೊಡಿಸಲೇಬೇಕೆಂದೇನೂ ಇಲ್ಲ. ಸಿಟ್ಟನ್ನು ಒಪ್ಪುವುದು ಬೇರೆ, ಕೇಳಿದ್ದನ್ನು ಕೊಡುವುದು ಬೇರೆ. ಇವೆರಡನ್ನೂ ಒಂದೇ ಎಂದುಕೊಳ್ಳುವುದರಿಂದಲೇ ‘ಮುದ್ದು ಮಾಡಿ ಕೆಡಿಸಿದರು’ ಎಂಬ ಮಾತು ಬರುವುದು. ಅಮೆರಿಕದ ಮನೋವಿಜ್ಞಾನಿ ಜಾನ್ ಗಾಟ್‌ಮನ್ 1997ರ ತಮ್ಮ ಪುಸ್ತಕದಲ್ಲಿ ಹೇಳಿದ್ದೂ ಇದನ್ನೇ: ಯಾವ ಭಾವನೆಗೂ ಅಡ್ಡಿಯಿಲ್ಲ, ನಡತೆಗೆ ಮಾತ್ರ ಮಿತಿ ಇರಬೇಕು.

ಹೆಸರಿಡುವುದರಿಂದ ಏನಾಗುತ್ತದೆ? ಲಾಸ್ ಏಂಜಲೀಸ್‌ನ ಮ್ಯಾಥ್ಯೂ ಲೀಬರ್‌ಮನ್ ತಂಡ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಿಟ್ಟಿನ ಅಥವಾ ಭಯದ ಮುಖ ನೋಡಿ ಆ ಭಾವನೆಯ ಹೆಸರು ಹೇಳಿದವರ ಮೆದುಳಿನಲ್ಲಿ ಭಯದ ಎಚ್ಚರಿಕೆ ಕೊಡುವ ಭಾಗದ ಚಟುವಟಿಕೆ ತಗ್ಗಿತ್ತು. ಪ್ರಯೋಗ ನಡೆದದ್ದು ದೊಡ್ಡವರ ಮೇಲೆ. ಆದರೂ ಮನೆಯಲ್ಲಿ ಇದನ್ನು ನೋಡಿದವರು ಬಹಳ.

ತೊಡಕೆಂದರೆ ನಮ್ಮ ಮನೆಗಳಲ್ಲಿ ಎಲ್ಲಕ್ಕೂ ‘ಬೇಜಾರು’ ಎಂಬ ಒಂದೇ ಮಾತು ಓಡಾಡುತ್ತದೆ. ಗೆಳೆಯ ಮಾತು ಬಿಟ್ಟರೆ ಆಗುವುದು ನೋವು. ತಂಗಿಗೆ ಹೊಸ ಲಂಗ ಬಂದರೆ ಹೊಟ್ಟೆಕಿಚ್ಚು. ತರಗತಿಯಲ್ಲಿ ಎಲ್ಲರೂ ನಕ್ಕರೆ ಅವಮಾನ. ಅಜ್ಜಿ ಊರಿಗೆ ಹೊರಟರೆ ಕಳವಳ, ಅಪ್ಪ ತಡವಾಗಿ ಬಂದರೆ ಮುನಿಸು. ಕನ್ನಡದಲ್ಲಿ ಮಾತಿಗೇನು ಬರವಿಲ್ಲ, ಮಕ್ಕಳ ಎದುರು ಬಳಸುವವರು ಬೇಕು ಅಷ್ಟೆ.

<b>ಮನೆ ಮಾತು, ಶಾಲೆ ಮಾತು</b>

ಗಡಿಯ ಮಕ್ಕಳಿಗೆ ಇನ್ನೊಂದು ಕಷ್ಟ. ಜತ್ತ, ಅಕ್ಕಲಕೋಟ ಕಡೆ ಮನೆಯಲ್ಲಿ “ರಾಗ ತೆಗೀಬ್ಯಾಡ” ಎಂದರೆ ಅಳಬೇಡ ಎಂದರ್ಥ, ಮರಾಠಿ ಗುರುಗಳು “ರಾಗ್ ಆಲಾ ಕಾ?” ಎಂದರೆ ಸಿಟ್ಟು ಬಂತೇ ಎಂದು. ಮಲಯಾಳದಲ್ಲಿ ‘ಪೇಡಿ’ ಎಂದರೆ ಬರೀ ಭಯ. ಕಾಸರಗೋಡಿನ ಕನ್ನಡ ಮಗುವಿನ ಕಿವಿಗೆ ಅದು ‘ಹೇಡಿ’ ಎಂಬ ಬೈಗುಳದಂತೆ ಕೇಳಿದರೆ ಆಶ್ಚರ್ಯವಿಲ್ಲ. ಆದೋನಿ, ಮಡಕಶಿರ ಕಡೆ ತೆಲುಗು ಶಾಲೆಯಿಂದ ಬಂದ ಮಗು “ಬಾಧಗಾ ಉಂದಿ” ಎಂದರೆ ನೋವಾಗಿರುವುದು ಮನಸ್ಸಿಗೂ ಇರಬಹುದು. ಶಾಲೆಗೆ ಹೊರಡುವ ಹೊತ್ತಿಗೇ ಬರುವ ಹೊಟ್ಟೆನೋವೂ ಹಲವು ಸಲ ಅಂಜಿಕೆಯದೇ. ಅದು ನಾಟಕವಲ್ಲ, ಹೊಟ್ಟೆ ನಿಜವಾಗಿಯೂ ನೋಯುತ್ತದೆ.

ಸಮಾಧಾನ ಹೇಳುವಾಗ ಮನೆ ಮಾತೇ ಇರಲಿ. ಬಹುಭಾಷಿಕರ ಭಾವನೆಗಳನ್ನು ಅಭ್ಯಾಸ ಮಾಡಿದ ಜಾನ್-ಮಾರ್ಕ್ ಡೆವೇಲ್, ಹೆಚ್ಚಿನವರಿಗೆ ಮೊದಲು ಕಲಿತ ಭಾಷೆಯ ಮಾತೇ ಹೆಚ್ಚು ಮನಸ್ಸಿಗೆ ತಟ್ಟುತ್ತದೆ ಎಂದು 2010ರ ತಮ್ಮ ಪುಸ್ತಕದಲ್ಲಿ ತೋರಿಸಿದ್ದಾರೆ. ಜೊತೆಗೆ ಶಾಲೆಯ ಭಾಷೆಯಲ್ಲೂ ನಾಲ್ಕು ಮಾತು ಬಾಯಿಪಾಠವಾಗಿರಬೇಕು: ಭಯವಾಗಿದೆ, ಸಿಟ್ಟು ಬಂದಿದೆ, ನೋಯುತ್ತಿದೆ, ಅರ್ಥವಾಗಲಿಲ್ಲ. ಇಷ್ಟನ್ನು ಹೇಳಲಾಗದ ಮಗುವಿಗೆ ‘ಮೊಂಡ’, ‘ದಡ್ಡ’ ಎಂಬ ಹೆಸರು ಬೇಗ ಅಂಟುತ್ತದೆ.

ಬಿಡಬೇಕಾದ ಅಭ್ಯಾಸಗಳೂ ಇವೆ. ಗುಮ್ಮ ಬರುತ್ತಾನೆ, ಪೊಲೀಸರಿಗೆ ಹಿಡಿದುಕೊಡುತ್ತೇನೆ ಎಂದು ಹೆದರಿಸುವುದು. ಗಂಡುಮಗ ಅಳಬಾರದು ಎನ್ನುವುದು. ಅಳು ನಿಲ್ಲಿಸಲು ಮೊಬೈಲ್ ಕೊಡುವುದು ಈಗಿನ ಹೊಸ ಗುಮ್ಮ. ಮೂರರಿಂದ ಐದು ವರ್ಷದ ಮಕ್ಕಳ 422 ಪೋಷಕರನ್ನು ವಿಚಾರಿಸಿ 2022ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಹೀಗೆ ಪದೇಪದೇ ಫೋನು ಸಿಕ್ಕ ಮಕ್ಕಳಲ್ಲಿ, ಅದರಲ್ಲೂ ಗಂಡುಮಕ್ಕಳಲ್ಲಿ, ಮುಂದೆ ಆವೇಶ ಹೆಚ್ಚಾಗಿ ಕಂಡಿತು.

ಹೆತ್ತವರಿಗೂ ಸಿಟ್ಟು ಬರುತ್ತದೆ, ಕೈಯೂ ಎತ್ತುತ್ತಾರೆ. ಹಾಗಾದಾಗ “ನನಗೂ ಸಿಟ್ಟು ಬಂತು, ಕೂಗಿದ್ದು ತಪ್ಪಾಯಿತು” ಎಂದು ಮಗುವಿಗೆ ಹೇಳಿದರೆ ಮಾನ ಹೋಗುವುದಿಲ್ಲ.

<b>ವೈದ್ಯರ ಬಳಿ ಯಾವಾಗ?</b>

ಹೊಸ ಭಾಷೆಯ ಶಾಲೆಗೆ ಸೇರಿದ ಮಗು ಕೆಲವು ತಿಂಗಳು ಮೌನವಾಗಿರುವುದು ಸಹಜ. ಮನೆಯಲ್ಲಿ ಚೆನ್ನಾಗಿ ಮಾತಾಡಿ ಶಾಲೆಯಲ್ಲಿ ಬಹುಕಾಲ ತುಟಿ ಬಿಚ್ಚದಿದ್ದರೆ, ರಂಪಾಟ ಅರ್ಧ ಗಂಟೆ ದಾಟುವುದು ರೂಢಿಯಾದರೆ, ತನಗೆ ತಾನೇ ಪೆಟ್ಟು ಮಾಡಿಕೊಂಡರೆ, ಊಟ ನಿದ್ದೆ ವಾರಗಟ್ಟಲೆ ಕೆಟ್ಟರೆ ತೋರಿಸಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿ, ಸರ್ಕಾರಿ ಶಾಲೆಗಳಿಗೆ ಬಂದಾಗಲೂ ಕೇಳಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತ, ಕನ್ನಡ, ಮರಾಠಿ, ತೆಲುಗು, ತಮಿಳು, ಮಲಯಾಳ ಎಲ್ಲದರಲ್ಲೂ ಸೇವೆ ಇದೆ. ಕರೆ ಮಾಡುವವರು ತಮಗೆ ಬೇಕಾದ ಭಾಷೆಯನ್ನು ಮೊದಲೇ ಆರಿಸಿಕೊಳ್ಳಬೇಕು.