ಬಾವಿಗೆ ಮೊದಲು ಇಳಿಯುವ ದೀಪ

ಹಳೆಯ ಬಾವಿಯ ಹೂಳೆತ್ತಲು ಬಂದ ಕೆಲಸಗಾರನು ತನ್ನ ಸೊಂಟಕ್ಕೆ ಹಗ್ಗ ಬಿಗಿದುಕೊಳ್ಳುವ ಮೊದಲು, ಹೊತ್ತಿಸಿದ ಕಂದೀಲೊಂದನ್ನು ಬೇರೊಂದು ಹಗ್ಗದ ತುದಿಗೆ ಕಟ್ಟಿ, ಮೆಲ್ಲಮೆಲ್ಲನೆ ಕತ್ತಲೆಗಿಳಿಸಿ, ಅದು ತಳ ಮುಟ್ಟಿದ ಮೇಲೂ ಉರಿಯುತ್ತಿದೆಯೇ ಎಂದು ಕಟ್ಟೆಯ ಮೇಲೆ ಬಾಗಿ ನೋಡುವ ಪದ್ಧತಿ ನಮ್ಮ ನಾಡಿನಲ್ಲಿ ಬಹು ಪುರಾತನವಾದುದು. ದೀಪ ನಂದಿತೆಂದರೆ ಯಾರೂ ಇಳಿಯಲಾಗದು. ಸೊಪ್ಪು ತುಂಬಿದ ಕೊಂಬೆಗಳನ್ನು ಇಳಿಬಿಟ್ಟು ಮೇಲೆ ಕೆಳಗೆ ಆಡಿಸಿ, ಕೊಡಗಟ್ಟಲೆ ನೀರು ಸುರಿದು, ಒಳಗಿನ ಕೆಟ್ಟ ಗಾಳಿ ಕದಲಿತೆಂದು ತೋರಿದ ತರುವಾಯ, ಮತ್ತೆ ದೀಪವನ್ನೇ ಮೊದಲು ಕಳುಹಿಸಬೇಕು. ಈ ಆಚಾರದ ಹಿಂದಿನ ಶಾಸ್ತ್ರ ಸರಳವಾದುದು. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರವಾದ ಕಾರಣ ಬಾವಿಯ ತಳದಲ್ಲಿ ಮಡುಗಟ್ಟುವುದು; ನೂರರಲ್ಲಿ ಇಪ್ಪತ್ತೊಂದು ಪಾಲಿರಬೇಕಾದ ಆಮ್ಲಜನಕ ಹದಿನಾರು ಹದಿನೇಳಕ್ಕಿಳಿದಾಗ ದೀಪ ಆರುವುದು; ಮನುಷ್ಯನು ಎಚ್ಚರ ತಪ್ಪಿ ಬೀಳುವುದು ಅದಕ್ಕಿಂತ ಎಷ್ಟೋ ಕೆಳಗಿನ ಪ್ರಮಾಣದಲ್ಲಿ. ಮನುಷ್ಯನಿಗಿಂತ ಮೊದಲು ದೀಪ ಸಾಯುವುದೆಂಬ ಈ ಅಂತರವೇ ಬಾವಿ ತೋಡುವವನ ಆಯುಷ್ಯವಾಗಿದ್ದಿತು.

ಬೀದರಿನ ನೆಲದಲ್ಲಿ ಈ ವೃತ್ತಿಯ ಅತ್ಯಂತ ಸಾಹಸದ ಕೃತಿಯೆಂದರೆ ನೌಬಾದಿನ ಕರೇಜು. ಜನರ ಬಾಯಲ್ಲಿ ಅದು ಸುರಂಗ ಬಾವಿ. ಬಹಮನಿ ಸುಲ್ತಾನನಾದ ಅಹಮದ್ ಶಾಹನು (1422–1436) ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಮೇಲೆ, ಇರಾನಿನಿಂದ ಬಂದ ಪಂಡಿತರು, ಶಿಲ್ಪಿಗಳು, ವರ್ತಕರೊಡನೆ ನೆಲದಡಿಯ ನೀರನ್ನು ಸುರಂಗದ ಮೂಲಕ ಹರಿಸಿ ತರುವ ವಿದ್ಯೆಯೂ ಈ ಪ್ರಸ್ಥಭೂಮಿಗೆ ಬಂದಿತು. ಮಳೆನೀರು ಮುರಕಲ್ಲಿನ ರಂಧ್ರಗಳಲ್ಲಿ ಇಂಗಿ, ಅದರಡಿಯ ಕಠಿಣವಾದ ಕಪ್ಪುಶಿಲೆಯ ಮೇಲೆ ತಂಗುವುದನ್ನು ಅರಿತವರು, ಎರಡು ಕಿಲೋಮೀಟರಿಗೂ ಮೀರಿದ ಸುರಂಗವನ್ನು ಕೊರೆದು, ಅದರ ಉದ್ದಕ್ಕೂ ಸಾಲಾಗಿ ಕೂಪಗಳನ್ನು ತೆರೆದರು. ಅಗೆದ ಮಣ್ಣು ಮೇಲೆ ಬರುತ್ತಿದ್ದುದೂ ಒಳಗಿನವನಿಗೆ ಉಸಿರು ಇಳಿಯುತ್ತಿದ್ದುದೂ ಆ ಕೂಪಗಳಿಂದಲೇ. ಇರಾನಿನಲ್ಲಿ ಮುಕನ್ನಿ ಎಂದು ಕರೆಯಲ್ಪಡುವ ಸುರಂಗಗಾರನು ಎರಡು ಎಣ್ಣೆದೀಪಗಳನ್ನು ಜೊತೆಗಿಟ್ಟುಕೊಂಡು, ಅವೆರಡನ್ನೂ ಒಂದೇ ನೇರದಲ್ಲಿರಿಸಿ ಸುರಂಗದ ದಿಕ್ಕನ್ನು ಕಾಯ್ದುಕೊಳ್ಳುವನು. ಅವು ಮಂಕಾದರೆ ಗಾಳಿ ಕೆಟ್ಟಿತೆಂದು ತಿಳಿದು ಹೊರಬರುವನು. ವಿದ್ಯೆ ಬಂದಲ್ಲಿಗೆ ಅದರ ಎಚ್ಚರಿಕೆಯೂ ಬಂದಿರಬೇಕೆಂದು ಊಹಿಸುವುದು ಅಸಂಗತವಲ್ಲ. ಮುರಕಲ್ಲು ನೆಲದೊಳಗೆ ಮೆದುವಾಗಿದ್ದು ಗಾಳಿ ಸೋಕಿದಂತೆ ಗಟ್ಟಿಯಾಗುವ ಗುಣವುಳ್ಳುದರಿಂದ, ಅಗೆಯುವವನ ತಲೆಯ ಮೇಲಿನ ಛಾವಣಿ ದಿನದಿನಕ್ಕೆ ಬಲಿಯುತ್ತಿದ್ದುದು ಬೀದರಿನವನ ವಿಶೇಷ ಭಾಗ್ಯ.

ಭಾಲ್ಕಿ, ಔರಾದುಗಳ ಕಡೆಗೆ ಹೋದರೆ ಈ ಭಾಗ್ಯ ಮುಗಿಯುವುದು. ಅಲ್ಲಿ ಮೇಲ್ಗಡೆ ಎರೆಮಣ್ಣು. ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಬಿರಿಯುವ ಅದರ ಸ್ವಭಾವವೇ, ಕಲ್ಲು ಕಟ್ಟದ ಬಾವಿಯ ದಂಡೆ ಹಠಾತ್ತಾಗಿ ಜರಿಯುವುದಕ್ಕೆ ಕಾರಣ. ಕೆಳಗಡೆ ಹಾರೆಗೂ ಗುದ್ದಲಿಗೂ ಜಗ್ಗದ ಕರಿಗಲ್ಲು. ಆದಕಾರಣ ಕುಳಿ ಕೊರೆದು, ಮದ್ದು ತುಂಬಿ, ಬತ್ತಿಗೆ ಬೆಂಕಿ ಹಚ್ಚಿ ಮೇಲಕ್ಕೆ ಓಡಿಬರುವ ಕೆಲಸ. ಮದ್ದಿನ ಸ್ವಭಾವವನ್ನು ಬೀದರು ಬಹಳ ಮೊದಲೇ ಕಂಡಿದ್ದಿತು: 1472ರಲ್ಲಿ ಪೂರ್ಣಗೊಂಡ ಮಹಮೂದ್ ಗವಾನನ ಮದರಸದಲ್ಲಿ ಕೂಡಿಟ್ಟಿದ್ದ ಮದ್ದು 1696ರಲ್ಲಿ ಸಿಡಿದು, ಆ ಭವ್ಯ ಕಟ್ಟಡದ ಮುಂಭಾಗದ ಒಂದು ಪಾರ್ಶ್ವವು ಮಿನಾರಿನ ಸಮೇತ ನೆಲಕ್ಕುರುಳಿದುದನ್ನು ಇಂದಿಗೂ ನೋಡಬಹುದು. ಬಾವಿಯಲ್ಲಿ ಮದ್ದು ಸಿಡಿಯುವುದಕ್ಕಿಂತ ಸಿಡಿಯದೆ ಉಳಿಯುವುದೇ ಹೆಚ್ಚು ಭಯಂಕರ. ಮರುದಿನ ಬೀಳುವ ಹಾರೆಯ ಏಟಿಗೆ ಅದು ಕಾದಿರುವುದು. ಸಿಡಿದ ಮೇಲೆ ಉಳಿಯುವ ಹೊಗೆಯಲ್ಲಿ ಇಂಗಾಲದ ಮಾನಾಕ್ಸೈಡ್ ಇರುವುದು. ಬಣ್ಣವೂ ವಾಸನೆಯೂ ಇಲ್ಲದ ಆ ವಿಷದ ನಡುವೆ ಕಂದೀಲು ನಿಶ್ಚಿಂತೆಯಿಂದ ಉರಿಯುತ್ತಿರುವಾಗಲೇ ಮನುಷ್ಯನು ಕುಸಿಯುವನು. ತಲೆಮಾರುಗಳು ನಂಬಿದ ದೀಪ ಇಲ್ಲಿ ಸುಳ್ಳುಸಾಕ್ಷಿಯಾಗುವುದು.

ನೆಲದಡಿಯ ಅನಿಲವನ್ನೇ ಅರಸಿ ಕೊರೆಯುವ ಬಾವಿಗಳಲ್ಲಿ, ಬೀದರಿನಲ್ಲಿ ಅಂಥವು ಇಲ್ಲವಾದರೂ, ಇದೇ ದೀಪ ಶತ್ರುವಿನ ಸ್ಥಾನವನ್ನು ಪಡೆಯುವುದು. ನೀರಿನ ಬಾವಿಯ ಅನಿಲ ತಳದಲ್ಲಿ ಮಲಗಿರುವುದು. ಅಲ್ಲಿಯ ಅನಿಲವಾದರೋ ಒತ್ತಡದಿಂದ ಮೇಲಕ್ಕೆ ನುಗ್ಗುವುದು. ಭಾರವಾದ ರಾಡಿಯನ್ನು ಕೊಳವೆಯಲ್ಲಿ ತುಂಬಿ, ಬಾಯಲ್ಲಿ ಬಲವಾದ ಕವಾಟಗಳನ್ನಿರಿಸಿ ಅದನ್ನು ಅದುಮಿ ಹಿಡಿಯುವರು. ಹಿಡಿತ ತಪ್ಪಿದರೆ ಒಂದು ಕಿಡಿ ಸಾಕು. ಗೋದಾವರಿಯ ಮುಖಜ ಭೂಮಿಯ ಪಾಸರ್ಲಪೂಡಿಯಲ್ಲಿ 1995ರ ಜನವರಿ 8ರಂದು ಹೊತ್ತಿದ ಬಾವಿ ಎರಡು ತಿಂಗಳಿಗೂ ಮೀರಿ ಉರಿಯಿತು. ಅಸ್ಸಾಮಿನ ಬಾಗ್‌ಜಾನಿನಲ್ಲಿ 2020ರ ಮೇ 27ರಂದು ಚಿಮ್ಮತೊಡಗಿದ ಅನಿಲ, ಜೂನ್ 9ರಂದು ಬೆಂಕಿ ಹಿಡಿದು, ನಂದಿಸಲು ಬಂದವರಲ್ಲಿಯೇ ಇಬ್ಬರನ್ನು ಬಲಿಗೊಂಡಿತು. ಒಂದು ಬಾವಿಯ ರಕ್ಷೆ ಇನ್ನೊಂದು ಬಾವಿಯ ಮೃತ್ಯುವಾಗಬಲ್ಲುದು. ಉಳಿಯಬೇಕಾದುದು ದೀಪವಲ್ಲ, ಇಳಿಯುವ ಮುನ್ನ ಕೇಳಿನೋಡುವ ವಿವೇಕ.

ಗಣಿಗಾರನಿಗೆ 1952ರ ಗಣಿ ಕಾಯಿದೆ, ತೈಲ ಮತ್ತು ಅನಿಲದ ಬಾವಿಗಳಿಗೆ 1984ರ ತೈಲ ಗಣಿ ನಿಯಮಾವಳಿ ದೊರೆತರೂ, ಹಳ್ಳಿಯ ಬಾವಿ ತೋಡುವವನಿಗೆ ಕಟ್ಟೆಯ ಮೇಲೆ ಹಗ್ಗ ಹಿಡಿದು ನಿಂತವನೇ ಕಾಯಿದೆ. 1972ರ ಬರಗಾಲದ ತರುವಾಯ ದಖ್ಖನಿನ ಹಳ್ಳಿಹಳ್ಳಿಗಳಲ್ಲಿ ಕೊಳವೆಬಾವಿ ಹಬ್ಬಿದಾಗ ಆ ಹಗ್ಗವೂ ಬೇಡವಾಯಿತು. ಮನುಷ್ಯನು ಇಳಿಯದ ಮೊದಲ ಬಾವಿ ಅದು. ತೋಡುವವನನ್ನು ಬಿಟ್ಟ ಅಪಾಯ ಆಡುವ ಮಗುವಿನ ಕಡೆಗೆ ಸರಿಯಿತು. ನೀರು ಬಾರದ ಕೊಳವೆಯನ್ನು ಮುಚ್ಚದೆ ಬಿಟ್ಟುಹೋಗುವ ಅಭ್ಯಾಸ ಎಷ್ಟು ಬೆಳೆಯಿತೆಂದರೆ, ಕೊಳವೆಯ ಸುತ್ತ ನೆಲದಿಂದ ಮೂವತ್ತು ಸೆಂಟಿಮೀಟರು ಎತ್ತರದ ಸಿಮೆಂಟು ಕಟ್ಟೆ ಇರಬೇಕು, ಬಾಯಿಗೆ ಉಕ್ಕಿನ ಮುಚ್ಚಳ ಹಾಕಬೇಕು ಎಂದು ಸರ್ವೋಚ್ಚ ನ್ಯಾಯಾಲಯವೇ 2010ರಲ್ಲಿ ವಿಧಿಸಬೇಕಾಯಿತು. ಕರುವೂ ಕೂಸೂ ಬೀಳದಂತೆ ನಮ್ಮ ಹಿರಿಯರು ಯಾರ ಆಜ್ಞೆಯೂ ಇಲ್ಲದೆ ಸೊಂಟದೆತ್ತರಕ್ಕೆ ಕಟ್ಟುತ್ತಿದ್ದ ಬಾವಿಕಟ್ಟೆ, ನ್ಯಾಯಾಲಯದ ಮಾತಿನಲ್ಲಿ ಒಂದಡಿಯಷ್ಟಾಗಿ ಮರಳಿತು.

ಆ ಬಳಿಕವೂ ಬಾಯಿಗಳು ತೆರೆದೇ ಉಳಿದವು. 2024ರ ಏಪ್ರಿಲಿನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಎರಡು ವರ್ಷದೊಳಗಿನ ಕೂಸೊಂದು ಕೊಳವೆಬಾವಿಗೆ ಬಿದ್ದಾಗ, ಮೇಲಿದ್ದವರು ಮೊದಲು ಮಾಡಿದ ಕೆಲಸಗಳಲ್ಲಿ ಒಂದು, ಹಗ್ಗಕ್ಕೆ ಕ್ಯಾಮೆರಾ ಕಟ್ಟಿ ಇಳಿಬಿಟ್ಟುದು. ಇನ್ನೊಂದು, ಕೊಳವೆಯಲ್ಲಿ ಆಮ್ಲಜನಕ ಹರಿಸಿದುದು. ತರುವಾಯ ಪಕ್ಕದಲ್ಲಿ ನೇರವಾದ ಗುಂಡಿ ತೋಡಿ, ಅದರ ತಳದಿಂದ ಅಡ್ಡ ಸುರಂಗ ಕೊರೆದು, ಸುಮಾರು ಇಪ್ಪತ್ತು ಗಂಟೆಗಳ ಬಳಿಕ ಕೂಸನ್ನು ಜೀವಂತವಾಗಿ ಎತ್ತಿದರು. ನೇರವಾದ ಕೂಪ, ಅಡ್ಡವಾದ ಸುರಂಗ, ಮೇಲಿನಿಂದ ಇಳಿಯುವ ಉಸಿರು: ನೌಬಾದಿನ ನೆಲದಡಿಯಲ್ಲಿ ಆರುನೂರು ವರ್ಷಗಳ ಹಿಂದೆ ನೀರಿಗಾಗಿ ಬರೆದ ನಕ್ಷೆ ಅದೇ ಅಲ್ಲವೇ?