ಮೈಸೂರು ಮೃಗಾಲಯ: ನೋಟದ ಆಚೆಗಿನ ಹೊಣೆ

ಮಂಗಳವಾರ ಮೈಸೂರಿಗೆ ಬಂದಿಳಿಯುವ ಪ್ರವಾಸಿಗರಲ್ಲಿ ಅನೇಕರು ಶ್ರೀ ಚಾಮರಾಜೇಂದ್ರ ಮೃಗಾಲಯದ ಮುಚ್ಚಿದ ಬಾಗಿಲನ್ನು ಕಂಡು ನಿರಾಶರಾಗಿ ಹಿಂತಿರುಗುವುದುಂಟು. ದಸರೆಯಂತಹ ಜನಸಂದಣಿಯ ದಿನಗಳನ್ನು ಬಿಟ್ಟರೆ ಇಲ್ಲಿ ಮಂಗಳವಾರ ವಾರದ ರಜೆ. ಸಿಬ್ಬಂದಿಯ ವಿಶ್ರಾಂತಿಗಾಗಿ ಈ ರಜೆ ಇರುವುದೆಂದು ಹಲವರ ಎಣಿಕೆ. ವಾಸ್ತವದಲ್ಲಿ ಅದು ಪ್ರಾಣಿಗಳಿಗೆ ಕೊಟ್ಟ ರಜೆ. ವಾರಕ್ಕೆ ಒಂದು ದಿನವಾದರೂ ಜನರ ಗದ್ದಲವಿಲ್ಲದೆ ಅವು ನೆಮ್ಮದಿಯಿಂದಿರಬೇಕೆಂಬ ಕಾರಣಕ್ಕೆ ಮೃಗಾಲಯಗಳ ಮಾನ್ಯತೆಯ ನಿಯಮಗಳೇ ಇಂತಹ ಬಿಡುವನ್ನು ಕಡ್ಡಾಯಗೊಳಿಸಿವೆ. ಪ್ರಾಣಿಪಾಲಕರಿಗೆ ಅಂದೂ ಬಿಡುವಿಲ್ಲ. ಮೇವು ಹಾಕುವುದು, ಆವರಣ ತೊಳೆಯುವುದು, ಔಷಧೋಪಚಾರ ಯಾವುದೂ ನಿಲ್ಲುವಂತಿಲ್ಲ.

ಮೃಗಾಲಯ ಇರುವುದು ಮೊದಲು ಪ್ರಾಣಿಗಳಿಗಾಗಿ, ಆನಂತರ ನೋಡುವವರಿಗಾಗಿ ಎಂಬ ಈ ತತ್ತ್ವ ಇಂದು ಸರಳವಾಗಿ ತೋರಬಹುದು. ಆದರೆ ಮೈಸೂರಿನ ಈ ಹಳೆಯ ಸಂಸ್ಥೆ ಅಲ್ಲಿಗೆ ತಲುಪಲು ಒಂದು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

ಅರಮನೆಯ ತೋಟದಿಂದ ಪ್ರಾಧಿಕಾರದವರೆಗೆ

ಮೃಗಾಲಯದ ಸ್ಥಾಪನೆಯಾದದ್ದು 1892ರಲ್ಲಿ. ಅಂದಿನ ಮಹಾರಾಜರಾದ ಹತ್ತನೆಯ ಚಾಮರಾಜ ಒಡೆಯರು ಬೇಸಿಗೆ ಅರಮನೆಯ ಆವರಣದ ಸುಮಾರು 10 ಎಕರೆ ಜಾಗದಲ್ಲಿ ಇದನ್ನು ಆರಂಭಿಸಿದರು. ಆಗ ಇದಕ್ಕಿದ್ದ ಹೆಸರು ಅರಮನೆ ಮೃಗಾಲಯ. ಎರಡೇ ವರ್ಷಗಳಲ್ಲಿ, 1894ರಲ್ಲಿ, ಮಹಾರಾಜರು ಕಲ್ಕತ್ತೆಯಲ್ಲಿ ನಿಧನರಾದರು. ಅವರ ಸ್ಮರಣಾರ್ಥ 1909ರಲ್ಲಿ ಮೃಗಾಲಯಕ್ಕೆ ಈಗಿನ ಹೆಸರನ್ನಿಡಲಾಯಿತು. ಸ್ವಾತಂತ್ರ್ಯಾನಂತರ, 1948ರಲ್ಲಿ, ಇದು ಮೈಸೂರು ಸರ್ಕಾರದ ಉದ್ಯಾನ ಇಲಾಖೆಯ ವಶಕ್ಕೆ ಬಂದಿತು. 1972ರಲ್ಲಿ ಅರಣ್ಯ ಇಲಾಖೆಗೆ ಹಸ್ತಾಂತರವಾಯಿತು. 1979ರಲ್ಲಿ ಕರ್ನಾಟಕ ಮೃಗಾಲಯ ಪ್ರಾಧಿಕಾರ ರಚನೆಗೊಂಡು ಆಡಳಿತ ಅದರ ಕೈಸೇರಿತು. ಮೃಗಾಲಯವನ್ನು ನಡೆಸಲೆಂದೇ ದೇಶದಲ್ಲಿ ಸ್ಥಾಪನೆಯಾದ ಮೊದಲ ಸ್ವಾಯತ್ತ ಸಂಸ್ಥೆ ಇದು. ಮೈಸೂರಿನ ಜೊತೆಗೆ ಬನ್ನೇರುಘಟ್ಟ, ಶಿವಮೊಗ್ಗ, ಗದಗ, ಬೆಳಗಾವಿ, ಹಂಪಿ ಮೊದಲಾದ ಕಡೆಗಳ ಮೃಗಾಲಯಗಳೂ ಇಂದು ಇದೇ ಪ್ರಾಧಿಕಾರದ ಅಧೀನದಲ್ಲಿವೆ.

ಆಡಳಿತ ಬದಲಾದಂತೆ ಉದ್ದೇಶವೂ ಬದಲಾಯಿತು. ರಾಜರ ಕಾಲದಲ್ಲಿ ಅಪರೂಪದ ಪ್ರಾಣಿಗಳನ್ನು ತರಿಸಿ ಪ್ರಜೆಗಳಿಗೆ ತೋರಿಸುವುದೇ ಹೆಗ್ಗಳಿಕೆಯಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1992ರಲ್ಲಿ ಅಸ್ತಿತ್ವಕ್ಕೆ ಬಂದ ಕೇಂದ್ರೀಯ ಮೃಗಾಲಯ ಪ್ರಾಧಿಕಾರ, 1998ರ ರಾಷ್ಟ್ರೀಯ ಮೃಗಾಲಯ ನೀತಿ ಇವೆಲ್ಲವೂ ಸೇರಿ ಮೃಗಾಲಯಗಳಿಗೆ ಬೇರೆಯೇ ಕೆಲಸವನ್ನು ಒಪ್ಪಿಸಿದವು. ಕಾಡಿನಲ್ಲಿ ನಡೆಯುವ ಸಂರಕ್ಷಣೆಗೆ ಒತ್ತಾಸೆಯಾಗಿ ನಿಲ್ಲುವುದೇ ಆ ಕೆಲಸ.

ವೀಕ್ಷಕರಿಗೆ ಏನಿದೆ?

ಅರಮನೆಯಿಂದ ಅಣತಿ ದೂರದಲ್ಲಿರುವ ಮೃಗಾಲಯ ಸಾಮಾನ್ಯ ದಿನಗಳಲ್ಲಿ ಬೆಳಿಗ್ಗೆ 8.30ರಿಂದ ಸಂಜೆ 5.30ರವರೆಗೆ ತೆರೆದಿರುತ್ತದೆ. ಹಳೆಯ ಮರಗಳ ನೆರಳಿನಲ್ಲಿ ಸಾಗುವ ದಾರಿಯ ಇಕ್ಕೆಲಗಳಲ್ಲಿ ಜಿರಾಫೆ, ಘೇಂಡಾಮೃಗ, ನೀರಾನೆ, ಆನೆ, ಹುಲಿ, ಸಿಂಹ, ಸಿಂಗಳೀಕ ಮೊದಲಾದ ಪ್ರಾಣಿಗಳನ್ನು ಕಾಣಬಹುದು. ನಡೆಯಲಾರದ ಹಿರಿಯರಿಗೆ ಬ್ಯಾಟರಿ ಚಾಲಿತ ವಾಹನಗಳ ಅನುಕೂಲವಿದೆ. ಬೆಳಗಿನ ಹೊತ್ತು ಹೋದವರಿಗೆ ಹೆಚ್ಚು ಲಾಭ. ಬಿಸಿಲೇರಿದ ಮೇಲೆ ಹುಲಿ, ಚಿರತೆಗಳು ನೆರಳು ಹುಡುಕಿಕೊಂಡು ಮಲಗಿಬಿಡುತ್ತವೆ. ಇದನ್ನು ಸೋಮಾರಿತನವೆಂದು ಬಗೆದು ಕೂಗಿ ಎಬ್ಬಿಸಲು ಯತ್ನಿಸುವವರು ಇದ್ದಾರೆ. ಬೇಟೆಯಾಡುವ ಪ್ರಾಣಿ ಕಾಡಿನಲ್ಲೂ ದಿನದ ಬಹುಭಾಗ ಹೀಗೆ ಮಲಗಿಯೇ ಕಳೆಯುತ್ತದೆಂಬುದನ್ನು ಅವರು ಅರಿತಿರುವುದಿಲ್ಲ.

ಮೃಗಾಲಯಕ್ಕೆ ಹೊಂದಿಕೊಂಡಿರುವ ಕಾರಂಜಿ ಕೆರೆಯೂ ಪ್ರಾಧಿಕಾರದ ನಿರ್ವಹಣೆಯಲ್ಲಿದೆ. ಅಲ್ಲಿ ದೋಣಿ ವಿಹಾರ, ಚಿಟ್ಟೆ ಉದ್ಯಾನ ಹಾಗೂ ವೀಕ್ಷಕರು ಒಳಹೊಕ್ಕು ಹಕ್ಕಿಗಳ ನಡುವೆಯೇ ನಡೆದಾಡಬಹುದಾದ ವಿಶಾಲ ಪಕ್ಷಿಪಂಜರ ಇವೆ. ಕೆರೆಯ ನಡುಗಡ್ಡೆಯ ಮರಗಳಲ್ಲಿ ಕೊಕ್ಕರೆ, ಹೆಜ್ಜಾರ್ಲೆಗಳನ್ನು ನೋಡಬಹುದು. ಇವು ಯಾರೂ ತಂದು ಕೂಡಿಟ್ಟವಲ್ಲ, ತಾವಾಗಿ ಬಂದು ನೆಲೆಸಿದವು. ಬೇಲಿಯೊಳಗಿನ ಪ್ರಾಣಿಗಳನ್ನು ಕಂಡು ಬಂದವರು ಬಯಲಿನ ಹಕ್ಕಿಗಳನ್ನೂ ನೋಡಿ ಹೋಗುವುದು ಒಳ್ಳೆಯದು.

ಕಲಿಕೆಯ ಅಂಗಳ

ಶಾಲಾ ಮಕ್ಕಳ ಪ್ರವಾಸವೆಂದರೆ ಸಾಲಾಗಿ ಹೋಗಿ ಸಾಲಾಗಿ ಬರುವುದೆಂಬ ಕಲ್ಪನೆ ಇನ್ನೂ ಉಳಿದಿದೆ. ಮೈಸೂರು ಮೃಗಾಲಯ ಇದಕ್ಕಿಂತ ಮುಂದೆ ಹೋಗಿದೆ. ಮೃಗಾಲಯದ ಯೂತ್ ಕ್ಲಬ್ ಮೂಲಕ ಪ್ರೌಢಶಾಲೆ ಹಾಗೂ ಕಾಲೇಜು ವಿದ್ಯಾರ್ಥಿಗಳು ಭಾನುವಾರಗಳಂದು ಬಂದು ಪ್ರಾಣಿಗಳ ಆಹಾರ, ಸ್ವಭಾವ, ಪಾಲನೆಗಳನ್ನು ಅರಿತುಕೊಳ್ಳುತ್ತಾರೆ. ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ಶಿಬಿರ ನಡೆಯುತ್ತದೆ. ಪ್ರತಿ ವರ್ಷ ಅಕ್ಟೋಬರ್ ಮೊದಲ ವಾರ ದೇಶದಾದ್ಯಂತ ಆಚರಿಸುವ ವನ್ಯಜೀವಿ ಸಪ್ತಾಹದ ಅಂಗವಾಗಿ ಚಿತ್ರಕಲೆ, ರಸಪ್ರಶ್ನೆ ಸ್ಪರ್ಧೆಗಳು ಏರ್ಪಡುತ್ತವೆ. ಕಾರಂಜಿ ಕೆರೆಯ ದಡದಲ್ಲಿಯೇ 1995ರಲ್ಲಿ ಆರಂಭವಾದ ಪ್ರಾದೇಶಿಕ ಪ್ರಾಕೃತಿಕ ಇತಿಹಾಸ ವಸ್ತುಸಂಗ್ರಹಾಲಯವೂ ಇರುವುದರಿಂದ ಶಿಕ್ಷಕರು ಎರಡನ್ನೂ ಒಂದೇ ಪಾಠವಾಗಿ ಯೋಜಿಸಿಕೊಳ್ಳಬಹುದು.

ಚೆನ್ನಾಗಿ ಕಲಿಸಿದರೆ ಇಲ್ಲಿನ ಒಂದೊಂದು ಆವರಣವೂ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಬಲ್ಲದು. ಬಿಳಿ ಹುಲಿಯನ್ನೇ ತೆಗೆದುಕೊಳ್ಳಿ. ಅದು ಬೇರೆ ಜಾತಿಯ ಹುಲಿಯೆಂದು ಭಾವಿಸುವವರೇ ಬಹಳ. ಅದು ನಮ್ಮ ಬಂಗಾಳ ಹುಲಿಯೇ. ತಂದೆ ತಾಯಿ ಇಬ್ಬರಿಂದಲೂ ಒಂದು ಅಪ್ರಬಲ ವಂಶವಾಹಿ ಬಂದಾಗ ಮಾತ್ರ ಮರಿಗೆ ಆ ಬಣ್ಣ. ಬಣ್ಣವನ್ನು ಉಳಿಸಿಕೊಳ್ಳಲೆಂದು ಹತ್ತಿರದ ರಕ್ತಸಂಬಂಧಿಗಳನ್ನೇ ಕೂಡಿಸುತ್ತ ಬಂದ ಕಾರಣ ಆ ವಂಶಗಳಲ್ಲಿ ದೋಷಗಳು ಹೆಚ್ಚಿದವು. ಜನರನ್ನು ಬಹುವಾಗಿ ಸೆಳೆಯುವ ಈ ಪ್ರಾಣಿಗೆ ಸಂರಕ್ಷಣೆಯ ದೃಷ್ಟಿಯಿಂದ ಹೆಚ್ಚಿನ ಬೆಲೆಯಿಲ್ಲ. ಅದೇ ಹೊತ್ತಿಗೆ ಪಶ್ಚಿಮ ಘಟ್ಟಗಳ ಮಳೆಕಾಡುಗಳನ್ನು ಬಿಟ್ಟು ಪ್ರಪಂಚದ ಬೇರೆಲ್ಲೂ ಕಾಡಿನಲ್ಲಿ ಕಾಣಸಿಗದ ಸಿಂಗಳೀಕದ ಮುಂದೆ ಜನ ನಿಲ್ಲುವುದು ಕಡಿಮೆ.

ಪೋಲೋ ಕಲಿಸಿದ ಪಾಠ

ಮೃಗಾಲಯದ ಇತಿಹಾಸದಲ್ಲಿ ಪೋಲೋ ಎಂಬ ಗೊರಿಲ್ಲಾದ ಕತೆ ಮರೆಯಲಾಗದ್ದು. 1995ರಲ್ಲಿ ಐರ್ಲೆಂಡಿನ ಡಬ್ಲಿನ್ ಮೃಗಾಲಯದಿಂದ ಬಂದ ಈ ಗಂಡು ಗೊರಿಲ್ಲಾ 2014ರಲ್ಲಿ ಸಾಯುವವರೆಗೆ ಇಲ್ಲಿಯೇ ಇತ್ತು. ದೇಶದ ಏಕೈಕ ಗೊರಿಲ್ಲಾ ಎಂಬ ಹಿರಿಮೆ ಮೃಗಾಲಯದ್ದಾಗಿತ್ತು. ಆದರೆ ಏಕೈಕ ಎಂಬ ಅದೇ ಮಾತು ಪೋಲೋ ಪಾಲಿಗೆ ಒಂಟಿತನವಾಗಿತ್ತು. ಗೊರಿಲ್ಲಾ ಗುಂಪಿನಲ್ಲಿ ಬಾಳುವ ಜೀವಿ. ಸಂಗಾತಿಯನ್ನು ತರುವ ಪ್ರಯತ್ನಗಳು ಕೈಗೂಡಲಿಲ್ಲ.

ಏಳು ವರ್ಷಗಳ ಬಳಿಕ, 2021ರಲ್ಲಿ, ಜರ್ಮನಿಯಿಂದ ಥಾಬೋ ಮತ್ತು ಡೆಂಬಾ ಎಂಬ ಎರಡು ಗೊರಿಲ್ಲಾಗಳು ಮೈಸೂರಿಗೆ ಬಂದವು. ಎರಡೂ ಗಂಡು. ಹೆಣ್ಣನ್ನೇಕೆ ತರಲಿಲ್ಲವೆಂದು ಕೇಳಿದವರುಂಟು. ಗೊರಿಲ್ಲಾ ಕುಟುಂಬದಲ್ಲಿ ಒಂದು ಬಲಿಷ್ಠ ಗಂಡಿನೊಡನೆ ಹಲವು ಹೆಣ್ಣುಗಳಿರುತ್ತವೆ. ಹುಟ್ಟುವ ಮರಿಗಳಲ್ಲಿ ಗಂಡು ಹೆಣ್ಣು ಹೆಚ್ಚುಕಡಿಮೆ ಸಮ. ಹೀಗಾಗಿ ಕುಟುಂಬದಿಂದ ಹೊರಗುಳಿಯುವ ಗಂಡುಗಳು ಸದಾ ಇರುತ್ತವೆ. ಅವುಗಳಿಗೆ ಪರಸ್ಪರರ ಜೊತೆಯನ್ನಾದರೂ ಒದಗಿಸುವುದು ಇಂದಿನ ಕ್ರಮ. ಎರಡು ಗಂಡು ಗೊರಿಲ್ಲಾಗಳಿಂದ ಸಂತತಿ ಬೆಳೆಯದು, ನಿಜ. ಆದರೆ ಯಾವ ಪ್ರಾಣಿಯೂ ಒಂಟಿಯಾಗಿ ಪ್ರದರ್ಶನದ ವಸ್ತುವಾಗಬಾರದೆಂಬ ತಿಳಿವು ಈ ಏರ್ಪಾಡಿನ ಹಿಂದಿದೆ.

ಇದೇ ತಿಳಿವಿನ ಇನ್ನೊಂದು ಮುಖ ಪ್ರಾಣಿಗಳ ದಿನಚರಿಯನ್ನು ಬೇಸರವಾಗದಂತೆ ರೂಪಿಸುವುದು. ಆಹಾರವನ್ನು ಒಂದೇ ಕಡೆ ಸುರಿಯದೆ ದಿಮ್ಮಿಗಳ ಸಂದಿಯಲ್ಲಿ, ಎತ್ತರದಲ್ಲಿ ಇಟ್ಟು ಹುಡುಕಿ ತಿನ್ನುವಂತೆ ಮಾಡುವುದು, ಹತ್ತಲು ಮರದ ಅಟ್ಟಣೆ ಕಟ್ಟಿಕೊಡುವುದು, ಬೇಸಿಗೆಯಲ್ಲಿ ನೀರಿನ ತುಂತುರು ಹಾಗೂ ತಣ್ಣನೆಯ ಹಣ್ಣುಗಳನ್ನು ಒದಗಿಸುವುದು ಇತ್ಯಾದಿ ಕ್ರಮಗಳು ನೋಡುವವರಿಗೆ ಆಟವೆನಿಸಿದರೂ ಪ್ರಾಣಿಯ ಆರೋಗ್ಯಕ್ಕೆ ಅಗತ್ಯವಾದವು.

ಕೂರ್ಗಳ್ಳಿ: ಯಾರೂ ನೋಡದ ಭಾಗ

ಮೃಗಾಲಯದ ಅತ್ಯಂತ ಕಠಿಣ ಕೆಲಸ ನಡೆಯುವುದು ಟಿಕೆಟ್ ಪಡೆದು ಹೋಗಲಾಗದ ಸ್ಥಳದಲ್ಲಿ. ನಗರದ ಹೊರವಲಯದ ಕೂರ್ಗಳ್ಳಿಯಲ್ಲಿ ನೂರು ಎಕರೆಗೂ ಮೀರಿದ ಜಾಗದಲ್ಲಿ ಚಾಮುಂಡಿ ವನ್ಯಪ್ರಾಣಿ ರಕ್ಷಣಾ ಹಾಗೂ ಪುನರ್ವಸತಿ ಕೇಂದ್ರವಿದೆ. ಸಾರ್ವಜನಿಕರಿಗೆ ಅಲ್ಲಿ ಪ್ರವೇಶವಿಲ್ಲ. ಹುಲಿ, ಸಿಂಹ, ಕರಡಿಗಳನ್ನು ಪಳಗಿಸಿ ಪ್ರದರ್ಶಿಸುವುದನ್ನು 1998ರಲ್ಲಿ ನಿಷೇಧಿಸಿ, 2001ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದ ಮೇಲೆ ಸರ್ಕಸ್ಸುಗಳಿಂದ ಬಿಡುಗಡೆಯಾದ ಪ್ರಾಣಿಗಳಿಗೆ ದೇಶದ ಹಲವೆಡೆ ಆಶ್ರಯ ಕಲ್ಪಿಸಬೇಕಾಯಿತು. ಕೂರ್ಗಳ್ಳಿಯೂ ಅಂತಹ ಪ್ರಾಣಿಗಳಿಗೆ ನೆಲೆಯಾಯಿತು.

ಇಂದು ಅಲ್ಲಿಗೆ ಬರುವವುಗಳಲ್ಲಿ ಕಾಡಂಚಿನ ಸಂಘರ್ಷದ ಪ್ರಾಣಿಗಳೇ ಮುಖ್ಯ. ಬಂಡೀಪುರ, ನಾಗರಹೊಳೆಯ ಅಂಚಿನ ಊರುಗಳಲ್ಲಿ ಜನರ ಮೇಲೆ ಎರಗಿದ ಅಥವಾ ಗಾಯಗೊಂಡು ಬೇಟೆಯಾಡಲಾರದೆ ದನಗಳ ಮೇಲೆ ಬಿದ್ದ ಹುಲಿ, ಚಿರತೆಗಳನ್ನು ಸೆರೆಹಿಡಿದಾಗ ಅವನ್ನು ಮರಳಿ ಕಾಡಿಗೆ ಬಿಡುವುದು ಅನೇಕ ಸಲ ಸಾಧ್ಯವಾಗುವುದಿಲ್ಲ. 2019ರ ಅಕ್ಟೋಬರಿನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಇಬ್ಬರು ರೈತರನ್ನು ಬಲಿ ತೆಗೆದುಕೊಂಡ ಹುಲಿಯನ್ನು ಸೆರೆಹಿಡಿದು ಇಲ್ಲಿಗೇ ತರಲಾಯಿತು. ಮನೆಯವರನ್ನು ಕಳೆದುಕೊಂಡ ಹಳ್ಳಿಗರ ನೋವು ಒಂದೆಡೆ, ಕಾಡನ್ನು ಕಳೆದುಕೊಂಡ ಪ್ರಾಣಿಯ ಬಾಳು ಇನ್ನೊಂದೆಡೆ. ಗುಂಡಿಟ್ಟು ಕೊಲ್ಲದೆ ಎರಡರ ನಡುವೆ ದಾರಿ ಹುಡುಕಲು ಇಂತಹ ಕೇಂದ್ರ ಇರಲೇಬೇಕು. ಆದರೆ ಜಾಗಕ್ಕೆ ಮಿತಿಯಿದೆ. ಹೊಸ ಹುಲಿ ಬಂದಾಗಲೆಲ್ಲ ಇನ್ನೊಂದು ಆವರಣ, ದಿನವೂ ಮಾಂಸ, ವೈದ್ಯರ ನಿಗಾ, ಅದೂ ಪ್ರಾಣಿಯ ಆಯುಷ್ಯವಿಡೀ.

ಕಾಟಿಗಳ ಸಂರಕ್ಷಿತ ಸಂತಾನಾಭಿವೃದ್ಧಿಯ ಕೇಂದ್ರವಿರುವುದೂ ಕೂರ್ಗಳ್ಳಿಯಲ್ಲಿಯೇ. ಇಂತಹ ಕಾರ್ಯಕ್ರಮದಲ್ಲಿ ಮರಿಗಳ ಸಂಖ್ಯೆಗಿಂತ ವಂಶಾವಳಿಯ ದಾಖಲೆ ಮುಖ್ಯ. ಯಾವ ಪ್ರಾಣಿ ಯಾವುದರ ಸಂತತಿಯೆಂದು ಬರೆದಿಟ್ಟು, ಹತ್ತಿರದ ಬಂಧುಗಳು ಕೂಡದಂತೆ ನೋಡಿಕೊಳ್ಳಬೇಕು. ಮೃಗಾಲಯಗಳು ಪರಸ್ಪರ ಪ್ರಾಣಿಗಳನ್ನು ವಿನಿಮಯ ಮಾಡಿಕೊಳ್ಳುವುದರ ಹಿಂದೆ ಇರುವುದು ಈ ಹೊಸ ರಕ್ತದ ಅಗತ್ಯವೂ ಹೌದು.

ಸಂಕಟದ ದಿನಗಳು

ಮೃಗಾಲಯ ಕಹಿ ದಿನಗಳನ್ನೂ ಕಂಡಿದೆ. 2004ರಲ್ಲಿ ಗಣೇಶ, ರೂಪಾ ಎಂಬ ಎರಡು ಆನೆಗಳು ಸತ್ತಾಗ ಅವುಗಳಿಗೆ ವಿಷವುಣಿಸಿದ್ದು ಪ್ರಯೋಗಾಲಯದ ಪರೀಕ್ಷೆಯಿಂದ ದೃಢಪಟ್ಟು ನಾಡೇ ಬೆಚ್ಚಿತ್ತು. 2017ರ ಜನವರಿಯಲ್ಲಿ ಸತ್ತ ಹಕ್ಕಿಗಳಲ್ಲಿ ಹಕ್ಕಿಜ್ವರದ ವೈರಾಣು ಪತ್ತೆಯಾಗಿ ಸುಮಾರು ಒಂದು ತಿಂಗಳು ಬಾಗಿಲು ಮುಚ್ಚಲಾಯಿತು. 2020 ಮತ್ತು 2021ರಲ್ಲಿ ಕೊರೊನಾ ಸೋಂಕಿನಿಂದಾಗಿ ಮತ್ತೆ ತಿಂಗಳುಗಟ್ಟಲೆ ಜನರಿಲ್ಲದಾಯಿತು.

ಜನರಿಲ್ಲದೆ ಹೋದಾಗಲೇ ಒಂದು ಸತ್ಯ ಎಲ್ಲರಿಗೂ ತಿಳಿಯಿತು. ಈ ಮೃಗಾಲಯ ನಡೆಯುವುದು ಬಹುಮಟ್ಟಿಗೆ ಪ್ರವೇಶ ಶುಲ್ಕದಿಂದ. ಬಾಗಿಲು ಮುಚ್ಚಿದರೆ ಆದಾಯ ನಿಲ್ಲುತ್ತದೆ, ಪ್ರಾಣಿಗಳ ಹಸಿವು ನಿಲ್ಲುವುದಿಲ್ಲ. ಆಗ ನೆರವಿಗೆ ಬಂದದ್ದು ಸಾರ್ವಜನಿಕರ ದೇಣಿಗೆ ಮತ್ತು 2001ರಲ್ಲಿ ಆರಂಭವಾಗಿದ್ದ ಪ್ರಾಣಿ ದತ್ತು ಯೋಜನೆ. ದತ್ತು ಎಂದರೆ ಪ್ರಾಣಿಯನ್ನು ಮನೆಗೆ ಒಯ್ಯುವುದಲ್ಲ. ಆಯ್ದ ಪ್ರಾಣಿಯ ನಿರ್ವಹಣೆಗೆ ಗೊತ್ತಾದ ಅವಧಿಗೆ ಹಣ ಕೊಡುವುದು. ಆನೆ, ಹುಲಿಗಳ ವೆಚ್ಚ ಭರಿಸಲಾಗದವರು ಚಿಕ್ಕ ಹಕ್ಕಿಯೊಂದನ್ನು ಆರಿಸಿಕೊಳ್ಳಬಹುದು. 2021ರ ಜೂನ್‌ನಲ್ಲಿ ಕನ್ನಡ ಚಲನಚಿತ್ರ ನಟರೊಬ್ಬರು ಮನವಿ ಮಾಡಿದ ಕೆಲವೇ ದಿನಗಳಲ್ಲಿ ರಾಜ್ಯದ ಮೃಗಾಲಯಗಳಿಗೆ ಹರಿದುಬಂದ ನೆರವಿನಲ್ಲಿ ಸಣ್ಣ ಮೊತ್ತ ಕೊಟ್ಟ ಸಾಮಾನ್ಯರ ಪಾಲೂ ಇತ್ತು.

ಭೇಟಿ ನೀಡುವವರ ಪಾಲು

ಮೃಗಾಲಯದ ಪ್ರಾಣಿಗಳನ್ನು ಕೆಣಕುವುದು, ಅವುಗಳಿಗೆ ತಿನಿಸು ಕೊಡುವುದು, ಗದ್ದಲವೆಬ್ಬಿಸಿ ಕಾಡುವುದು, ಆವರಣದಲ್ಲಿ ಕಸ ಚೆಲ್ಲುವುದು ಇವೆಲ್ಲ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಶಿಕ್ಷಾರ್ಹ ಅಪರಾಧಗಳು. ಪ್ರೀತಿಯಿಂದ ಎಸೆದ ಬಿಸ್ಕತ್ತು ಸಹ ಕೋತಿಯ ಹೊಟ್ಟೆಗೆ ಒಗ್ಗದು. ಅದರ ಪ್ಲಾಸ್ಟಿಕ್ ಹೊದಿಕೆ ಜಿಂಕೆಯ ಹೊಟ್ಟೆ ಸೇರಿದರೆ ಪ್ರಾಣಕ್ಕೇ ಸಂಚಕಾರ. ಪ್ಲಾಸ್ಟಿಕ್ ಒಳಗೆ ಬರದಂತೆ ಪ್ರವೇಶದ್ವಾರದಲ್ಲಿ ತಪಾಸಣೆ ನಡೆಯುತ್ತದೆ. ಚೀಲ ತೆರೆದು ತೋರಿಸಲು ಬೇಸರಿಸಬಾರದು.

ನಾವು ಕೊಟ್ಟ ಟಿಕೆಟ್ಟಿನ ಹಣ ಸಿಂಹದ ಆಹಾರಕ್ಕೂ ಆನೆಯ ಮೇವಿಗೂ ಸಲ್ಲುತ್ತದೆಂದು ತಿಳಿದು ನೋಡಿದರೆ ಆ ನೋಟದಲ್ಲಿ ಸ್ವಲ್ಪ ಹೊಣೆಯೂ ಬೆರೆಯುತ್ತದೆ. ಮೈಸೂರಿಗೆ ಹೊರಡುವವರು ಮಂಗಳವಾರ ಬಿಟ್ಟು ಬೇರೆ ದಿನ ಗೊತ್ತುಮಾಡಿಕೊಳ್ಳಲಿ. ಮರೆತು ಮಂಗಳವಾರವೇ ಬಂದವರು ಬಾಗಿಲ ಮುಂದೆ ಬೇಸರಪಡದಿರಲಿ. ಒಳಗಿರುವ ಪ್ರಾಣಿಗಳಿಗೆ ವಾರದಲ್ಲಿ ದೊರೆಯುವ ನಿಶ್ಶಬ್ದದ ದಿನ ಅದೊಂದೇ.