ಉಳುಕು, ಪೆಟ್ಟು, ಪಟ್ಟಿ: ಪುಣೆಯ ಆಟದ ಗಾಯಗಳ ಚರಿತ್ರೆ

ಆಟದಲ್ಲಿ ಆದ ಗಾಯಕ್ಕೆ ಮದ್ದು ಮಾಡುವ ಕೆಲಸ ಪುಣೆಯಲ್ಲಿ ಮೂರು ಕಡೆ ಬೇರೆಬೇರೆಯಾಗಿ ಬೆಳೆಯಿತು. ಹಳೆಯ ಪೇಟೆಗಳ ಕುಸ್ತಿಯ ತಾಲೀಮುಗಳಲ್ಲಿ ಅದು ಪಟ್ಟು ಕಲಿಸುವ ವಸ್ತಾದರ ಕೈಯಲ್ಲಿತ್ತು. ಓಣಿಗಳಲ್ಲೂ ಸುತ್ತಲಿನ ಹಳ್ಳಿಗಳಲ್ಲೂ ಎಲುಬು ಕೂಡಿಸುವ ನಾಟಿ ವೈದ್ಯರ ಕೈಯಲ್ಲಿತ್ತು. ಕ್ಯಾಂಪ್ ಮತ್ತು ಖಡಕಿಯ ದಂಡುಪ್ರದೇಶಗಳಲ್ಲಿ ಸೈನ್ಯದ ವೈದ್ಯರು ಅದನ್ನು ನೋಡಿಕೊಳ್ಳುತ್ತಿದ್ದರು. ಆಟಗಾರನಿಗೆ ಎಂಥ ಆರೈಕೆ ಸಿಗುತ್ತದೆ ಎಂಬುದು ಗಾಯದ ಸ್ವರೂಪಕ್ಕಿಂತ ಹೆಚ್ಚಾಗಿ ಅವನು ಯಾವ ಅಂಗಳದಲ್ಲಿ ಆಡುತ್ತಾನೆ ಎಂಬುದರ ಮೇಲೆ ನಿಂತಿತ್ತು. ಮುರಿದ ಎಲುಬು ಎಲ್ಲರ ಕಣ್ಣಿಗೂ ಬೀಳುತ್ತದೆ. ಉಳುಕಿದ ಪಾದ, ಬಾತ ಮೊಣಕಾಲು ಬೀಳುವುದಿಲ್ಲ. ಹೀಗೆ ಅಲಕ್ಷ್ಯಕ್ಕೆ ಗುರಿಯಾದ ಸಣ್ಣ ಪೆಟ್ಟೇ ಎಷ್ಟೋ ಆಟಗಾರರ ಬಾಳನ್ನು ಮೊಟಕು ಮಾಡಿದೆ. ಈ ನಗರದ ಚರಿತ್ರೆ ಅದಕ್ಕೆ ಒಳ್ಳೆಯ ಸಾಕ್ಷಿ.

ಪಟ್ಟು ಹಾಕುವವನ ದೇಹವನ್ನು ಹೇಗೆ ಕಾಪಾಡಬೇಕೆಂಬ ಚಿಂತನೆ ದಖನ್ನಿನಲ್ಲಿ ಹಳೆಯದು. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆ ಪ್ರತ್ಯೇಕ ಭಾಗವೇ ಇದೆ. ಮಲ್ಲರ ದರ್ಜೆಗಳು, ಅವರ ಆಹಾರ, ವ್ಯಾಯಾಮ ಇವನ್ನೆಲ್ಲ ಅದು ವಿವರಿಸುತ್ತದೆ. ಅದಕ್ಕೂ ಬಹಳ ಹಿಂದಿನ ‘ಸುಶ್ರುತ ಸಂಹಿತೆ’ ಕೀಲು ತಪ್ಪುವುದರಲ್ಲಿ 6 ಬಗೆ, ಎಲುಬು ಮುರಿಯುವುದರಲ್ಲಿ 12 ಬಗೆ ಗುರುತಿಸಿ, ಎಳೆದು ಕೂರಿಸುವ ಕ್ರಮವನ್ನೂ ಅತ್ತಿ, ಅರಳಿ, ಆಲ, ಮುತ್ತುಗ, ಬಿದಿರುಗಳ ತೊಗಟೆ–ಸೀಳುಗಳಿಂದ ದಬ್ಬೆ ಕಟ್ಟುವ ಕ್ರಮವನ್ನೂ ಹೇಳಿದೆ. ಮುಂದೆ ಈ ಶಾಸ್ತ್ರ ಗ್ರಂಥಗಳಿಗಿಂತ ಹೆಚ್ಚಾಗಿ ಕೈಯಿಂದ ಕೈಗೆ ಸಾಗಿತು.

ಪೇಶ್ವೆಗಳ ಕಾಲದಲ್ಲಿ ಪುಣೆ ರಾಜಧಾನಿಯಾದಾಗ ಕುಸ್ತಿ ರಾಜಾಶ್ರಯದ ವಿದ್ಯೆಯಾಯಿತು. ಎರಡನೆಯ ಬಾಜೀರಾಯನ (1796–1818) ಆಸ್ಥಾನದಲ್ಲಿದ್ದ ಬಾಳಂಭಟ್ಟದಾದಾ ದೇವಧರ ಮಲ್ಲಕಂಬಕ್ಕೆ ಮರುಜೀವ ಕೊಟ್ಟವನೆಂದು ಹೆಸರಾಗಿದ್ದಾನೆ. ಪೇಟೆಗಳಲ್ಲಿ ತಾಲೀಮುಗಳು ಎದ್ದವು. ಶುಕ್ರವಾರ ಪೇಟೆಯ ಚಿಂಚೇಚಿ ತಾಲೀಮಿನಂಥವು ಇಂದಿಗೂ ಹೆಸರುವಾಸಿ. ಬೆಳಗಾವಿ, ವಿಜಯಪುರ ಸೀಮೆಯ ಹುಡುಗರು ಕೊಲ್ಹಾಪುರ, ಸಾಂಗ್ಲಿ, ಪುಣೆಗಳ ತಾಲೀಮುಗಳಿಗೆ ಹೋಗಿ ಪಳಗಿ ಬರುವ ರೂಢಿಯೂ ಬೆಳೆಯಿತು. ಕರ್ನಾಟಕದ ಗರಡಿಮನೆಗೂ ಪುಣೆಯ ತಾಲೀಮಿಗೂ ಆಚಾರದಲ್ಲಿ ದೊಡ್ಡ ಅಂತರವಿರಲಿಲ್ಲ.

ತಾಲೀಮಿನ ವ್ಯವಸ್ಥೆಯಲ್ಲಿ ಗಾಯವನ್ನು ತಡೆಯುವುದೇ ಮೊದಲ ಚಿಕಿತ್ಸೆ. ಅಖಾಡದ ಕೆಂಪು ಮಣ್ಣನ್ನು ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಶಿನ, ನಿಂಬೆರಸ ಬೆರೆಸಿ, ಪ್ರತಿದಿನ ಅಗೆದು ಸಡಿಲ ಮಾಡುತ್ತಾರೆ. ಬಿದ್ದವನಿಗೆ ನೆಲ ಮೆತ್ತಗಿರಬೇಕು, ತರಚಿದ ಚರ್ಮ ಕೀವಾಗಬಾರದು ಎಂಬುದು ಇದರ ಹಿಂದಿನ ತಿಳಿವಳಿಕೆ. ಮಲ್ಲಕಂಬಕ್ಕೆ ಹರಳೆಣ್ಣೆ ಹಚ್ಚುವುದರಿಂದ ಉಜ್ಜಿಕೆ ತಗ್ಗಿ ತೊಡೆ–ತೋಳುಗಳ ಚರ್ಮ ಸುಲಿಯುವುದಿಲ್ಲ. ಮೈ ಬಿಸಿಯಾಗದೆ ಜೋಡಿಗೆ ಇಳಿಯಬಾರದು, ಕಸರತ್ತು ಮುಗಿದ ಮೇಲೆ ಮಾಲೀಸು ತಪ್ಪಿಸಬಾರದು ಎಂಬ ಕಟ್ಟಳೆಗಳಿದ್ದವು. ಉಳುಕಿಗೆ ಎಣ್ಣೆ ನೀವುವುದು, ಬಾವಿಗೆ ಅರಿಶಿನದ ಲೇಪ, ನೋವಿಗೆ ಬಿಸಿ ಶಾಖ, ಕೀಲಿಗೆ ಬಿಗಿಯಾದ ಬಟ್ಟೆಯ ಪಟ್ಟಿ, ಇವು ನಿತ್ಯದ ಮದ್ದುಗಳು. ಎಲ್ಲಕ್ಕಿಂತ ಬೆಲೆಯುಳ್ಳದ್ದು ವಸ್ತಾದನ ಕಣ್ಣು. ಹುಡುಗನ ನಡಿಗೆ, ಊಟ, ನಿದ್ದೆ ಎಲ್ಲವನ್ನೂ ಬಲ್ಲವನಾದ್ದರಿಂದ ಅವನು ಕುಂಟುವ ಮೊದಲೇ ನೋವನ್ನು ಗುರುತಿಸಬಲ್ಲವನಾಗಿದ್ದ.

ಈ ಪದ್ಧತಿಗೆ ಮಿತಿಗಳೂ ಇದ್ದವು. ಹರಿದ ಅಸ್ಥಿರಜ್ಜುವನ್ನೂ ಬರಿಯ ಉಳುಕನ್ನೂ ಬೇರ್ಪಡಿಸುವ ಉಪಾಯ ಅದರಲ್ಲಿರಲಿಲ್ಲ. ಆಗತಾನೇ ಬಾತ ಕೀಲನ್ನು ಜೋರಾಗಿ ತಿಕ್ಕಿದರೆ ಒಳಗಿನ ರಕ್ತಸ್ರಾವ ಹೆಚ್ಚುತ್ತದೆ ಎಂಬುದೂ ತಿಳಿದಿರಲಿಲ್ಲ. ಜಟ್ಟಿಗಳ ಕಿವಿ ಮುದುಡಿ ಗಂಟಾಗುವುದನ್ನು ಅನುಭವದ ಗುರುತೆಂದೇ ಕಾಣುತ್ತಿದ್ದರು. ಪೆಟ್ಟಿನಿಂದ ಕಿವಿಯ ಮೃದ್ವಸ್ಥಿಗೂ ಅದರ ಹೊದಿಕೆಗೂ ನಡುವೆ ರಕ್ತ ನಿಂತು, ಪೋಷಣೆ ತಪ್ಪಿ ಆಗುವ ವಿಕಾರ ಅದು. ನಿಂತ ರಕ್ತವನ್ನು ಬೇಗ ತೆಗೆಸಿ ಒತ್ತುಪಟ್ಟಿ ಕಟ್ಟಿದರೆ ಅದನ್ನು ತಪ್ಪಿಸಬಹುದು.

ತಾಲೀಮಿನ ಹೊರಗೆ ಹಾಡವೈದ್ಯರೆಂದು ಕರೆಯುವ ನಾಟಿ ವೈದ್ಯರಿದ್ದರು. ಎಲುಬು ಕೂಡಿಸುವ ಈ ಮನೆತನದ ವಿದ್ಯೆ ಕುಶಲಕರ್ಮಿಗಳಲ್ಲೂ ರೈತರಲ್ಲೂ ಹಂಚಿಹೋಗಿತ್ತು. ಇಂಥ ಕೈಗಳಲ್ಲಿ ಎಷ್ಟು ನೈಪುಣ್ಯವಿತ್ತು ಎಂಬುದಕ್ಕೆ ಆಟಕ್ಕೆ ಸೇರದ ಒಂದು ಪ್ರಕರಣ ಸಾಕ್ಷಿಯಾಗಿದೆ. ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಎತ್ತಿನ ಗಾಡಿ ಹೊಡೆಯುತ್ತಿದ್ದ ಕವಾಸ್‌ಜಿ ಟಿಪ್ಪುವಿನ ಸೆರೆಯಾಳಾಗಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಪುಣೆಯ ಬಳಿ ಇಟ್ಟಿಗೆ ಮಾಡುವ ಕುಲದವನೊಬ್ಬ ಅವನ ಹಣೆಯ ಚರ್ಮವನ್ನು ತಿರುಗಿಸಿ ಹೊಸ ಮೂಗು ಕೂಡಿಸಿದ. ಇಬ್ಬರು ಇಂಗ್ಲಿಷ್ ವೈದ್ಯರು ಕಣ್ಣಾರೆ ಕಂಡ ಈ ಚಿಕಿತ್ಸೆಯ ವರದಿ 1794ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ನಲ್ಲಿ ಅಚ್ಚಾಯಿತು. ಅದನ್ನು ಅಭ್ಯಸಿಸಿದ ಜೋಸೆಫ್ ಕಾರ್ಪ್ಯೂ 1814ರಲ್ಲಿ ಲಂಡನ್ನಿನಲ್ಲಿ ಅದೇ ವಿಧಾನವನ್ನು ಅನುಸರಿಸಿದ. ಪುಣೆಯ ಹೆಸರಿಲ್ಲದ ಕುಶಲಕರ್ಮಿಯೊಬ್ಬನ ವಿದ್ಯೆ ಯುರೋಪಿನ ಶಸ್ತ್ರವೈದ್ಯಕ್ಕೆ ದಾರಿ ತೋರಿತು. ಊರಿನಲ್ಲೇ ತಲೆಯೆತ್ತಿದ ಹೊಸ ಆಸ್ಪತ್ರೆಗಳ ಒಳಗೆ ಮಾತ್ರ ಅಂಥವನಿಗೆ ಜಾಗವಿರಲಿಲ್ಲ.

1817ರ ಖಡಕಿ ಕದನದ ನಂತರ ಪೇಶ್ವೆಗಳ ಆಡಳಿತ ಮುಗಿದು ಪುಣೆ ದೊಡ್ಡ ದಂಡಿನ ನೆಲೆಯಾಯಿತು. ಡೇವಿಡ್ ಸಾಸೂನರ ದಾನದಿಂದ ಕಟ್ಟಿದ ಸಾಸೂನ್ ಆಸ್ಪತ್ರೆ 1867ರಲ್ಲಿ ತೆರೆಯಿತು, 1871ರಲ್ಲಿ ಬಿ. ಜೆ. ವೈದ್ಯಕೀಯ ಶಾಲೆ ಆರಂಭವಾಯಿತು. ಇದೇ ಹೊತ್ತಿಗೆ ದಂಡುಪ್ರದೇಶದ ಅಧಿಕಾರಿಗಳು ಗರಿಯ ಚೆಂಡನ್ನು ಬಲೆಯ ಮೇಲೆ ಹೊಡೆದು ಆಡುವ ಆಟವೊಂದನ್ನು ರೂಢಿಗೆ ತಂದಿದ್ದರು. ಊರಿನ ಹೆಸರಿನಿಂದಲೇ ಅದನ್ನು ‘ಪೂನಾ’ ಎಂದು ಕರೆಯುತ್ತಿದ್ದರು. ರಜೆಯ ಮೇಲೆ ಇಂಗ್ಲೆಂಡಿಗೆ ಹೋದವರೊಂದಿಗೆ ಪ್ರಯಾಣ ಮಾಡಿ, ಗ್ಲಾಸ್ಟರ್‌ಶೈರಿನ ಬ್ಯಾಡ್ಮಿಂಟನ್ ಹೌಸ್ ಎಂಬ ಬಂಗಲೆಯಿಂದ ಅದು ಇಂದಿನ ಹೆಸರು ಪಡೆಯಿತು. ಥಟ್ಟನೆ ನಿಂತು ಥಟ್ಟನೆ ತಿರುಗಬೇಕಾದ ಈ ಆಟದಲ್ಲಿ ಪಾದ ಒಳಕ್ಕೆ ಹೊರಳಿ, ಕೀಲಿನ ಹೊರಬದಿಯ ಅಸ್ಥಿರಜ್ಜು ಎಳೆಯುವುದು ಬಲು ಸಾಮಾನ್ಯ. ಹಿಮ್ಮಡಿಯ ಸ್ನಾಯುರಜ್ಜುವೂ ಮೊಣಕಾಲೂ ಹೀಗೆಯೇ ಪೆಟ್ಟು ತಿನ್ನುತ್ತವೆ.

ಆ ಕಾಲದ ಗಾಯಚಿಕಿತ್ಸೆಯ ಎರಡು ದೊಡ್ಡ ಸಾಧನಗಳು ಯುರೋಪಿನಿಂದ ಬಂದವು. ಡಚ್ ಸೈನ್ಯದ ವೈದ್ಯ ಆಂಟೋನಿಯಸ್ ಮಾಥೈಸೆನ್ 1850ರ ದಶಕದ ಆರಂಭದಲ್ಲಿ ಪ್ಲಾಸ್ಟರ್ ಪಟ್ಟಿಯನ್ನು ರೂಪಿಸಿದ. ರಾಂಟ್‌ಜನ್ 1895ರಲ್ಲಿ ಎಕ್ಸ್‌ರೇ ಕಂಡುಹಿಡಿದ. ಮುರಿತವೋ ಉಳುಕೋ ಎಂಬ ಹಳೆಯ ಅನುಮಾನಕ್ಕೆ ಇದರಿಂದ ಉತ್ತರ ಸಿಕ್ಕಿತು. ಆದರೆ ಆ ಉತ್ತರ ಎಲ್ಲರಿಗೂ ತಲುಪುವಂತಿರಲಿಲ್ಲ.

ಆಟದ ಅಂಗಳದ ಈ ತಾರತಮ್ಯವನ್ನು ಕ್ರಿಕೆಟಿಗ ಪಲ್ವಣಕರ ಬಾಳೂ ಅವರ ಬದುಕಿನಲ್ಲಿ ಸ್ಪಷ್ಟವಾಗಿ ಕಾಣಬಹುದು. ಧಾರವಾಡದಲ್ಲಿ ದಲಿತ ಕುಟುಂಬದಲ್ಲಿ ಹುಟ್ಟಿದ ಅವರು ಪುಣೆಯಲ್ಲಿ ಮೈದಾನದ ಆಳಾಗಿ ಕೆಲಸಕ್ಕೆ ಸೇರಿದರು. ಪೂನಾ ಜಿಮ್‌ಖಾನಾದಲ್ಲಿ ತಿಂಗಳಿಗೆ 4 ರೂಪಾಯಿ ಸಂಬಳ. ಪಿಚ್ ಸವರುವುದು, ಬಲೆ ಕಟ್ಟುವುದು, ಆಂಗ್ಲ ಬ್ಯಾಟುಗಾರರಿಗೆ ಗಂಟೆಗಟ್ಟಲೆ ಚೆಂಡೆಸೆಯುವುದು ಕೆಲಸ. ಹಿಂದೂ ತಂಡಕ್ಕೆ ಆಯ್ಕೆಯಾದ ಮೇಲೂ ಅವರಿಗೆ ಚಹಾ ಸಿಗುತ್ತಿದ್ದುದು ಪೆವಿಲಿಯನ್ನಿನ ಹೊರಗೆ, ಮಣ್ಣಿನ ಕುಡಿಕೆಯಲ್ಲಿ. ಗಾಯದ ಆರೈಕೆ ಮುಟ್ಟದೆ ಆಗುವುದಿಲ್ಲ. ಜೊತೆಗಾರನನ್ನು ಮುಟ್ಟಲೊಲ್ಲದ ಸಮಾಜದಲ್ಲಿ ಸಣ್ಣ ನೋವನ್ನು ನುಂಗಿಕೊಂಡು ಆಡುವುದೇ ಅಂಥ ಆಟಗಾರರಿಗೆ ಉಳಿದ ದಾರಿ. 1911ರಲ್ಲಿ ಇಂಗ್ಲೆಂಡ್ ಪ್ರವಾಸ ಹೋದ ಭಾರತ ತಂಡದಲ್ಲಿ ಬಾಳೂ 114 ವಿಕೆಟ್ ಪಡೆದರು. ಅದೇ ತಂಡದಲ್ಲಿ ಮೈಸೂರಿನ ಬಿ. ಜಯರಾಂ ಇದ್ದರು, ವೃತ್ತಿಯಿಂದ ವೈದ್ಯರಾದ ಎಚ್. ಡಿ. ಕಾಂಗಾ ಅವರೂ ಇದ್ದರು. ವೈದ್ಯನೇ ಆಟಗಾರನಾಗಿ ತಂಡದೊಡನೆ ಪ್ರಯಾಣ ಮಾಡುತ್ತಿದ್ದ ಕಾಲ ಅದು. ಗಾಯಗಳನ್ನು ನೋಡಿಕೊಳ್ಳಲೆಂದೇ ತಂಡಕ್ಕೊಬ್ಬ ವೈದ್ಯ ಎಂಬ ಏರ್ಪಾಡು ಬಂದದ್ದು ಬಹಳ ತಡವಾಗಿ.

1906ರಲ್ಲಿ ಸ್ಥಾಪನೆಯಾದ ಡೆಕ್ಕನ್ ಜಿಮ್‌ಖಾನಾ ಹಳ್ಳಿಯ ಹುಡುಗರನ್ನೂ ಸ್ಪರ್ಧೆಗೆ ಕರೆತಂದಿತು. 1919ರಲ್ಲಿ ಅದರ ಅಧ್ಯಕ್ಷರಾಗಿದ್ದ ಸರ್ ದೊರಾಬ್ಜಿ ಟಾಟಾ ಬರಿಗಾಲಲ್ಲಿ ಓಡುವ ರೈತಮಕ್ಕಳ ವೇಗ ಕಂಡು ಬೆರಗಾದರು. ಆಧುನಿಕ ತರಬೇತಿಯ ಗಂಧವೂ ಇಲ್ಲದ ಇವರನ್ನು ಒಲಿಂಪಿಕ್ಸಿಗೆ ಕಳಿಸಬೇಕೆಂದು ಅವರು ಪಟ್ಟ ಶ್ರಮದ ಫಲವಾಗಿ 1920ರಲ್ಲಿ ಆಂಟ್‌ವರ್ಪಿಗೆ ಒಂದು ಸಣ್ಣ ತಂಡ ಹೊರಟಿತು. ಅದರಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಇದ್ದರು. ಆ ವರ್ಷದ ಮ್ಯಾರಥಾನ್ 42.75 ಕಿಲೋಮೀಟರ್, ಒಲಿಂಪಿಕ್ಸ್ ಚರಿತ್ರೆಯಲ್ಲೇ ಅತಿ ಉದ್ದದ್ದು. ಚೌಗುಲೆ ಅದನ್ನು 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಮುಗಿಸಿ 19ನೆಯವರಾದರು. ಜೊತೆಯಲ್ಲಿ ಓಡಿದ ಸದಾಶಿವ ದಾತಾರ್ ಗುರಿ ಮುಟ್ಟಲಿಲ್ಲ. ಕುಸ್ತಿಯಲ್ಲಿ ರಣಧೀರ್ ಶಿಂದೆ ನಾಲ್ಕನೆಯ ಸ್ಥಾನಕ್ಕೆ ಬಂದರು. ಹೊಲದ ಮಣ್ಣಿಗೆ ಒಗ್ಗಿದ ಪಾದಕ್ಕೆ ಗಟ್ಟಿ ರಸ್ತೆ, ಹೊಸ ಬೂಟು, ತಂಪು ಹವೆ ಎಲ್ಲವೂ ಹೊಸತು. ಬೊಕ್ಕೆ, ಸ್ನಾಯುಸೆಳೆತ, ಮೊಣಕಾಲ ಕೆಳಗಿನ ಎಲುಬಿನ ನೋವು ದೂರದ ಓಟಗಾರರನ್ನು ಕಾಡುವ ಸಣ್ಣ ಗಾಯಗಳು. ಇವಕ್ಕೆ ಬೇಕಾದದ್ದು ತಕ್ಕ ಬೂಟು, ಹಂತಹಂತವಾದ ಅಭ್ಯಾಸ, ವಿಶ್ರಾಂತಿ.

ಆಟದ ಗಾಯವನ್ನೇ ವಿಷಯವಾಗಿ ಅಭ್ಯಸಿಸುವ ವೈದ್ಯರು ಅಂತರರಾಷ್ಟ್ರೀಯವಾಗಿ ಒಂದುಗೂಡಿದ್ದು 1928ರಲ್ಲಿ, ಸ್ವಿಟ್ಜರ್ಲೆಂಡಿನ ಸೇಂಟ್ ಮೊರಿಟ್ಜ್‌ನ ಚಳಿಗಾಲದ ಒಲಿಂಪಿಕ್ಸ್ ವೇಳೆ. ಪುಣೆಗೆ ಈ ಶಾಸ್ತ್ರ ಸೈನ್ಯದ ದಾರಿಯಿಂದ ಬಂತು. ಎರಡನೆಯ ಮಹಾಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಯೋಧರಿಗಾಗಿ 1944ರಲ್ಲಿ ಕೃತಕ ಅಂಗ ಕೇಂದ್ರ ಆರಂಭವಾಯಿತು. 1948ರಲ್ಲಿ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜು ಸ್ಥಾಪನೆಯಾಯಿತು. ಕ್ರೀಡಾವೈದ್ಯ ಮುಂದೆ ಅಲ್ಲಿನ ಒಂದು ವಿಭಾಗವಾಗಿ ಬೆಳೆಯಿತು. ಬೆನ್ನುಹುರಿಗೆ ಪೆಟ್ಟಾದ ಯೋಧರಿಗಾಗಿ ಖಡಕಿಯಲ್ಲಿ 1974ರಲ್ಲಿ ಪುನರ್ವಸತಿ ಕೇಂದ್ರ ತೆರೆಯಿತು. ಗಾಯ ವಾಸಿಯಾದರಷ್ಟೇ ಸಾಲದು, ಅಂಗ ಮತ್ತೆ ಕೆಲಸ ಮಾಡಬೇಕು ಎಂಬುದು ಈ ಸಂಸ್ಥೆಗಳ ದೊಡ್ಡ ಕಾಣಿಕೆ. 1965ರ ಯುದ್ಧದಲ್ಲಿ ಗುಂಡೇಟು ತಿಂದ ಮುರಳಿಕಾಂತ ಪೇಟಕರ ಈ ವಿಚಾರಕ್ಕೆ ಜೀವಂತ ಉದಾಹರಣೆ. ಮುಷ್ಟಿಯುದ್ಧದ ಆಟಗಾರರಾಗಿದ್ದ ಅವರು ಚೇತರಿಕೆಗೆಂದು ಈಜಲು ಇಳಿದು, 1972ರ ಹೈಡೆಲ್‌ಬರ್ಗ್ ಪ್ಯಾರಾಲಿಂಪಿಕ್ಸಿನಲ್ಲಿ 50 ಮೀಟರ್ ಈಜಿನಲ್ಲಿ ಚಿನ್ನ ಗೆದ್ದರು.

ನಾಗರಿಕರ ಕಡೆಯಲ್ಲಿ ಅಸ್ಥಿವೈದ್ಯ ಕೆ. ಎಚ್. ಸಂಚೇತಿ 1960ರ ದಶಕದಲ್ಲಿ ಕಟ್ಟಿದ ಆಸ್ಪತ್ರೆ ಪುಣೆಯನ್ನು ಎಲುಬು–ಕೀಲುಗಳ ಚಿಕಿತ್ಸೆಯ ಊರನ್ನಾಗಿ ಮಾಡಿತು. ಭಾರತೀಯರ ಮೈಕಟ್ಟಿಗೆ ಒಗ್ಗುವ ಕೃತಕ ಮೊಣಕಾಲನ್ನು ರೂಪಿಸಿದ ಅವರಿಗೆ 2012ರಲ್ಲಿ ಪದ್ಮವಿಭೂಷಣ ಸಂದಿತು. ಅತ್ತ ಜಪಾನಿನಲ್ಲಿ ಕೆಂಜಿ ತಕಾಗಿ ಆರಂಭಿಸಿ ಮಸಾಕಿ ವತಾನಬೆ ಬೆಳೆಸಿದ ಆರ್ತ್ರೋಸ್ಕೋಪಿ, ಅಂದರೆ ಸಣ್ಣ ರಂಧ್ರದಿಂದ ಕೀಲಿನೊಳಗೆ ಇಣುಕುವ ವಿಧಾನ, 20ನೆಯ ಶತಮಾನದ ಕೊನೆಯ ದಶಕಗಳಲ್ಲಿ ಭಾರತಕ್ಕೂ ಬಂತು. ಅಲ್ಲಿಯವರೆಗೆ ಮೊಣಕಾಲಿನ ಗಾಯವೆಂದರೆ ಬಹುಪಾಲು ಆಟದ ಮುಕ್ತಾಯ. 1952ರ ಹೆಲ್ಸಿಂಕಿಯಲ್ಲಿ ಕಂಚು ಗೆದ್ದ ಸಾತಾರಾ ಸೀಮೆಯ ಜಟ್ಟಿ ಖಾಶಾಬಾ ಜಾಧವರ ಮುಂದಿನ ಒಲಿಂಪಿಕ್ಸಿನ ಆಸೆಯನ್ನು ಕಿತ್ತುಕೊಂಡದ್ದೂ ಮೊಣಕಾಲೇ.

ಕಾಲ ಬದಲಾದದ್ದನ್ನು ತೋರಿದ ಪ್ರಕರಣವೂ ಪುಣೆಯಲ್ಲೇ ನಡೆಯಿತು. 1994ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಬಾಲೇವಾಡಿಯಲ್ಲಿ ಶಿವಛತ್ರಪತಿ ಕ್ರೀಡಾಸಂಕೀರ್ಣ ಎದ್ದಿತ್ತು. ಆ ಕೂಟದ ಬ್ಯಾಡ್ಮಿಂಟನ್ ಜೋಡಿ ಪಂದ್ಯವೊಂದರಲ್ಲಿ ಪರವೂರಿನಿಂದ ಬಂದಿದ್ದ 20 ವರ್ಷದ ಪುಲ್ಲೇಲ ಗೋಪಿಚಂದ್ ಜೊತೆಗಾರನಿಗೆ ಡಿಕ್ಕಿ ಹೊಡೆದು ಬಿದ್ದರು. ಮೊಣಕಾಲಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯಿತು. ಶಸ್ತ್ರಚಿಕಿತ್ಸೆಯ ನಂತರ ತಿಂಗಳುಗಟ್ಟಲೆ ತೊಡೆಯ ಸ್ನಾಯುಗಳಿಗೆ ಬಲ ತುಂಬುವ, ಸಮತೋಲ ಮರಳಿ ಕಲಿಯುವ ಅಭ್ಯಾಸ ನಡೆಯಿತು. ಅವರು 1996ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆದರು, ಬೆಂಗಳೂರಿನಲ್ಲಿ ಪ್ರಕಾಶ್ ಪಡುಕೋಣೆಯವರ ಗರಡಿಯಲ್ಲಿ ಪಳಗಿ 2001ರಲ್ಲಿ ಆಲ್ ಇಂಗ್ಲೆಂಡ್ ಗೆದ್ದರು. ‘ಪೂನಾ’ ಎಂಬ ಹೆಸರಿನ ಆಟ, ಪುಣೆಯಲ್ಲಿ ಆದ ಗಾಯ, ಬೆಂಗಳೂರಿನಲ್ಲಿ ಮರಳಿ ಕಟ್ಟಿದ ಆಟಗಾರ: ವೈದ್ಯನ ಕತ್ತರಿಯೂ ತರಬೇತುದಾರನ ಕಣ್ಣೂ ಕೂಡಿದರೆ ಏನಾಗಬಹುದೆಂಬುದು ಇದರಲ್ಲಿ ಸಿದ್ಧವಾಯಿತು.

ಸಣ್ಣ ಪೆಟ್ಟಿನ ಉಪಚಾರಕ್ಕೂ ಇದೇ ಅವಧಿಯಲ್ಲಿ ಖಚಿತ ರೂಪ ಬಂತು. ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ 1978ರಲ್ಲಿ ವಿಶ್ರಾಂತಿ, ಮಂಜುಗಡ್ಡೆ, ಒತ್ತುಪಟ್ಟಿ, ಪೆಟ್ಟಾದ ಅಂಗವನ್ನು ಎತ್ತರಿಸುವುದು ಎಂಬ ನಾಲ್ಕು ಸೂತ್ರ ಹೇಳಿದರು. ಬಾವು ಕೂಡ ವಾಸಿಯಾಗುವ ಕ್ರಿಯೆಯ ಭಾಗವೆಂದು ಅರಿತು, ಮಂಜುಗಡ್ಡೆಯ ವಿಷಯದಲ್ಲಿ ಮುಂದೆ ಅವರೇ ಮಾತು ತಿದ್ದಿಕೊಂಡರು. ಕೆನಡಾದಲ್ಲಿ 1992ರಲ್ಲಿ ಪ್ರಕಟವಾದ ಒಟ್ಟಾವಾ ನಿಯಮಗಳು, ಪಾದದ ಕೀಲಿನ ಗೊತ್ತಾದ ಜಾಗಗಳನ್ನು ಒತ್ತಿ ನೋಡಿ, ಗಾಯಾಳು ನಾಲ್ಕು ಹೆಜ್ಜೆ ಇಡಬಲ್ಲನೇ ಎಂದು ಪರೀಕ್ಷಿಸಿ, ಎಕ್ಸ್‌ರೇ ಬೇಕೇ ಬೇಡವೇ ಎಂದು ತೀರ್ಮಾನಿಸುವುದನ್ನು ಕಲಿಸಿದವು. ಉಳುಕಿದ ಕಾಲನ್ನು ವಾರಗಟ್ಟಲೆ ಕಟ್ಟಿಡದೆ ಬೇಗ ಮಿತವಾಗಿ ಆಡಿಸಬೇಕು ಎಂಬುದು ಈಗಿನ ಒಪ್ಪಿತ ಮತ.

1983ರಲ್ಲಿ ಆರಂಭವಾದ ಪುಣೆ ಅಂತರರಾಷ್ಟ್ರೀಯ ಮ್ಯಾರಥಾನ್ ಸಾಮಾನ್ಯರನ್ನೂ ದೂರದೂರಿನವರನ್ನೂ ರಸ್ತೆಗಿಳಿಸಿತು. ಇದರೊಂದಿಗೆ ಆಟದ ಗಾಯ ಎಲ್ಲ ವೃತ್ತಿಯವರ ಅನುಭವವಾಯಿತು. 2001ರಲ್ಲಿ ಸ್ಥಾಪನೆಯಾದ ಸೈನ್ಯದ ಕ್ರೀಡಾಸಂಸ್ಥೆಯಲ್ಲಿ ತರಬೇತುದಾರ, ವೈದ್ಯ, ಫಿಸಿಯೋಥೆರಪಿಸ್ಟ್, ಆಹಾರತಜ್ಞರು ಒಂದೇ ಆವರಣದಲ್ಲಿ ಕೆಲಸ ಮಾಡುತ್ತಾರೆ. ತಾಲೀಮಿನಲ್ಲಿ ವಸ್ತಾದ ಒಬ್ಬನೇ ಹೊತ್ತಿದ್ದ ಹೊಣೆಯನ್ನು ಅಲ್ಲಿ ಹಲವರು ಶಾಸ್ತ್ರಬದ್ಧವಾಗಿ ಹಂಚಿಕೊಂಡಿದ್ದಾರೆ. ಪೇಟೆಗಳ ತಾಲೀಮುಗಳಲ್ಲಿ ಮಣ್ಣಿನ ಜೊತೆಗೆ ಮ್ಯಾಟ್ ಬಂದಿದೆ, ಮಾಲೀಸು ಉಳಿದಿದೆ. ಹಾಡವೈದ್ಯರೂ ಪೂರ್ತಿ ಮರೆಯಾಗಿಲ್ಲ. ಆಟಗಾರನನ್ನು ದಿನವೂ ನೋಡುವ ಕಣ್ಣು ಮತ್ತು ಗಾಯದ ಒಳಹೊಕ್ಕು ನೋಡುವ ವಿದ್ಯೆ, ಈ ಎರಡೂ ಒಟ್ಟಿಗೆ ದೊರೆತಲ್ಲಿ ಸಣ್ಣ ಪೆಟ್ಟು ಸಣ್ಣದಾಗಿಯೇ ಮುಗಿಯುತ್ತದೆ. ತಾಲೂಕು ಮೈದಾನದ ಕಬಡ್ಡಿ ಹುಡುಗಿಗೂ ಜಾತ್ರೆಯ ಕುಸ್ತಿಗೆ ಇಳಿಯುವ ಹುಡುಗನಿಗೂ ಅವು ಹೀಗೆ ಒಟ್ಟಿಗೆ ಸಿಗುವಂತೆ ಮಾಡುವುದು ಈ ಚರಿತ್ರೆಯಲ್ಲಿ ಇನ್ನೂ ಬಾಕಿ ಉಳಿದಿರುವ ಕೆಲಸ.